ಎತ್ತದ ಹಾಸಿನ ಅಡಿಯಲ್ಲಿ

ನಮ್ಮತ್ತೆ ಊರಿನಿಂದ ಬಂದವರು ಹಾಲ್‌ನಲ್ಲಿ ಕಾಲು ಚಾಚಿ ಕೂತು, ಎರಡು ಗುಟುಕು ಚಹಾ ಕುಡಿದು, ಮೂಗು ಅರಳಿಸಿ ಕೇಳಿದರು: “ಮನ್ಯಾಗ ಶೇಂಗಾ ಚೀಲ ತೊಯ್ದಾವೇನವ್ವಾ?”

ಮನೆಯಲ್ಲಿ ಶೇಂಗಾ ಚೀಲವೇ ಇರಲಿಲ್ಲ. ಹೊಲ ಇರುವುದು ಅತ್ತೆಯ ಊರಲ್ಲಿ, ಹರಪನಹಳ್ಳಿ ತಾಲ್ಲೂಕಿನಲ್ಲಿ. ಕೂಡ್ಲಿಗಿಯ ನಮ್ಮ ಮನೆಯಲ್ಲಿ ಇದ್ದದ್ದು ಸೋಫಾ, ಟಿ.ವಿ. ಮತ್ತು ಅವೆರಡರ ನಡುವೆ ಆರಡಿ ಒಂಬತ್ತಡಿಯ ಒಂದು ಕೆಂಪು ಕಾರ್ಪೆಟ್. ಕೊಟ್ಟೂರೇಶ್ವರನ ತೇರು ಮುಗಿದು ನಾಲ್ಕು ದಿನ ಕಳೆದ ಮೇಲೆ, ಜಾತ್ರೆಯ ಅಂಗಡಿ ಕೀಳುವ ಹೊತ್ತಿನಲ್ಲಿ, ಅರ್ಧಕ್ಕರ್ಧ ಚೌಕಾಸಿ ಮಾಡಿ ತಂದದ್ದು. ಮನೆಗೆ ಬಂದವರೆಲ್ಲ ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು, ಅದರ ಮೇಲೆ ಕಾಲಿಡಲು ಒಂದು ಕ್ಷಣ ಅನುಮಾನಿಸಿ ಆಮೇಲೆ ಇಡುತ್ತಿದ್ದರು. ಆ ಅನುಮಾನ ನನಗೆ ಖುಷಿ ಕೊಡುತ್ತಿತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಅತ್ತೆಯ ಮೂಗು ಸುಳ್ಳಾಡುವುದಿಲ್ಲ. ಚಹಾ ಮುಗಿದ ಮೇಲೆ ಸೋಫಾ ಸರಿಸಿ ಕಾರ್ಪೆಟ್‌ನ ಮೂಲೆ ಎತ್ತಿದೆ. ಸುಲಭಕ್ಕೆ ಬರಲಿಲ್ಲ, ಹಸಿ ತೊಗಟೆ ಸುಲಿದ ಹಾಗೆ ಪರ್‍ರನೆ ಸದ್ದು ಮಾಡುತ್ತಾ ಬಂತು. ಅಡಿಯ ಸೆಣಬಿನ ಬಟ್ಟೆಯ ಮೇಲೆ ರೊಟ್ಟಿಯಗಲದ ಬೂದುಹಸಿರು ಮಚ್ಚೆ. ಅದರ ಅಂಚಿಗೆ ಬಿಳಿ ನವಿರು, ನಡುವೆ ಎಳ್ಳು ಚೆಲ್ಲಿದ ಹಾಗೆ ಕರಿ ಚುಕ್ಕೆ. ಕೆಳಗೆ ಟೈಲ್ಸ್ ಸಂದಿಯ ಸಿಮೆಂಟು ಬೆವತಿತ್ತು. ಬೆರಳಲ್ಲಿ ಮುಟ್ಟಿ ನೋಡಿದೆ, ತಣ್ಣಗೆ ಜಾರಿತು. ಇದನ್ನು ಬೂಜು ಎನ್ನುವವರಿದ್ದಾರೆ, ಬೂಷ್ಟು ಎನ್ನುವವರಿದ್ದಾರೆ, ಪುಸ್ತಕದವರು ಶಿಲೀಂಧ್ರ ಎನ್ನುತ್ತಾರೆ. ವಾಸನೆಗೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಹೆಸರು, ಮುಗ್ಗಲು.

ಅತ್ತೆಗೆ ಶೇಂಗಾ ನೆನಪಾದದ್ದರಲ್ಲಿ ಆಶ್ಚರ್ಯವಿಲ್ಲ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ರೈತರ ಮನೆಯಲ್ಲಿ ಬೂಜಿನ ಪಾಠ ಆಗುವುದೇ ಶೇಂಗಾದಿಂದ. ಕಿತ್ತ ಬಳ್ಳಿ ಒಣಗುವ ಹೊತ್ತಿಗೆ ಮಳೆ ಹಿಡಿದರೆ ಕಾಯಿಯೊಳಗೆ ಹಳದಿ ಹಸಿರು ಪುಡಿ ಕಟ್ಟುತ್ತದೆ. ಅದರ ಹೆಸರು ಆಸ್ಪರ್‌ಜಿಲಸ್ ಫ್ಲೇವಸ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ ಹುಡುಕಿ ಹೋದವರು ತಲುಪಿದ್ದು ಬ್ರೆಜಿಲ್‌ನಿಂದ ಬಂದ ಬೂಜು ಹಿಡಿದ ಶೇಂಗಾ ಹಿಂಡಿಗೆ. ಅದರ ವಿಷಕ್ಕೆ ಆ ಬೂಜಿನ ಹೆಸರನ್ನೇ ತುಂಡರಿಸಿ ಅಫ್ಲಟಾಕ್ಸಿನ್ ಎಂದು ಕರೆದರು. ನಮ್ಮ ರೈತರಿಗೆ ಈ ಹೆಸರು ಬೇಕಾಗಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ; ಒಳಗೆ ಬೀಜ ಗಲಗಲ ಎಂದರೆ ಒಣಗಿದೆ, ಸುಮ್ಮನಿದ್ದರೆ ಇನ್ನೂ ಬಿಸಿಲು ಬೇಕು. ಚೀಲ ತುಂಬಿದ ಮೇಲೂ ಬರಿ ನೆಲಕ್ಕೆ ಇಡುವುದಿಲ್ಲ, ಹಲಗೆಯನ್ನೋ ಕಲ್ಲನ್ನೋ ಕೊಟ್ಟು ಎತ್ತರಿಸುತ್ತಾರೆ, ಗೋಡೆಗೆ ತಾಗದ ಹಾಗೆ ಒಂದು ಗೇಣು ಬಿಡುತ್ತಾರೆ. ಆ ಮನೆಗಳಲ್ಲೇ ಹುಟ್ಟಿ ಬೆಳೆದ ನಾವು ಪೇಟೆಯಲ್ಲಿ ಮನೆ ಕಟ್ಟಿಸಿ, ದಪ್ಪನೆಯ ಹಾಸನ್ನು ಬರಿ ನೆಲಕ್ಕೆ ಒತ್ತಿ ಹಾಸಿ, ಅದರ ಮೇಲೆ ಸೋಫಾ ಹೇರಿ, ವರ್ಷಗಟ್ಟಲೆ ಎತ್ತುವುದೇ ಇಲ್ಲ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅಕ್ಟೋಬರ್ ತಿಂಗಳು. ಮಾಳಿಗೆ ಮೇಲೆ ಹೊತ್ತೊಯ್ದು ಸೋಪಿನ ಪುಡಿ ಹಾಕಿ ತಿಕ್ಕಿ, ಮೂರು ದಿನ ಬಿಸಿಲಿಗೆ ಹಾಕಿ, ಮೂಲೆಗೆ ನುಸಿ ಗುಳಿಗೆ ಇಟ್ಟು ಮತ್ತೆ ಹಾಸಿದೆ. ನುಸಿ ಗುಳಿಗೆ ಹೆಸರೇ ಹೇಳುವಂತೆ ನುಸಿಗೆ; ಬೂಜು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಡಿಸೆಂಬರ್‌ನಲ್ಲಿ, ಮಳೆಯ ಸುಳಿವೇ ಇಲ್ಲದ ದಿನಗಳಲ್ಲಿ, ಅದೇ ಮೂಲೆಯಲ್ಲಿ ಅದೇ ರೊಟ್ಟಿಯಗಲ. ಈ ಸಲ ಅಡುಗೆ ಸೋಡಾ ಉದುರಿಸಿದೆ, ಬಿಳಿ ವಿನೆಗರ್ ಚಿಮುಕಿಸಿದೆ. ವಾಸನೆ ಒಂದು ವಾರ ಅಡಗಿತು.

ಊರು ನೋಡಿದರೆ ಇದು ಸೋಜಿಗವೇ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಈ ಐದು ತಾಲ್ಲೂಕುಗಳು ಬೂಜಿನ ಸೀಮೆಯಲ್ಲ. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ಅದು 7000 ದಾಟುತ್ತದೆ. ಬದಲಾಗುತ್ತಾ ಬಂದದ್ದು ಆಡಳಿತದ ಗೆರೆಗಳು ಮಾತ್ರ: 1953ರವರೆಗೆ ಮದರಾಸಿಗೆ ಸೇರಿದ್ದೆವು, ಆಮೇಲೆ ಮೈಸೂರಿಗೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಎಲ್ಲರ ಜೊತೆ ವಿಜಯನಗರ ಜಿಲ್ಲೆಯಾಯಿತು. ಕಾಗದದಲ್ಲಿ ಏನೇ ಬದಲಾದರೂ ಆಕಾಶ ಮಾತ್ರ ಬಯಲುಸೀಮೆಯದ್ದೇ. ಇಂಥ ಕಡೆ ಬೂಜು ಪದೇಪದೇ ಬರುತ್ತದೆಂದರೆ ಆಕಾಶವನ್ನು ಬಿಟ್ಟು ಬೇರೆ ಎಲ್ಲಿಂದಲೋ ನೀರು ಬರುತ್ತಿದೆ ಎಂದೇ ಅರ್ಥ. ಇಷ್ಟು ಹೊಳೆಯಲು ನನಗೆ ಎರಡು ಸಲದ ತೊಳೆತ ಬೇಕಾಯಿತು.

ಬೂಜಿಗೆ ಬೇಕಾದದ್ದು ನಾಲ್ಕು. ಬೀಜಕಣ ಬೇಕು, ಅದು ಗಾಳಿಯಲ್ಲಿ ಎಲ್ಲೆಲ್ಲೂ ಇದೆ, ನೀವು ಈ ಪುಟ ಓದುವಾಗಲೂ ಮೂಗಿನೊಳಗೆ ಹೋಗುತ್ತಿದೆ. ಆಹಾರ ಬೇಕು, ಧೂಳು, ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು, ಮಕ್ಕಳು ಚೆಲ್ಲಿದ ಬಿಸ್ಕತ್ತಿನ ಪುಡಿ, ಸೆಣಬು ಎಲ್ಲವೂ ಆಗುತ್ತದೆ. ಬೆಚ್ಚಗಿನ ಹವೆ ಬೇಕು. ಅದಕ್ಕೆ ಇಲ್ಲಿ ಬರವಿಲ್ಲ. ನಾಲ್ಕನೆಯದು ತೇವ. ಮೊದಲ ಮೂರನ್ನು ನಿಲ್ಲಿಸಲು ಯಾರಿಂದಲೂ ಆಗದು. ನಾಲ್ಕನೆಯದೊಂದೇ ನಮ್ಮ ಕೈಯಲ್ಲಿರುವುದು, ನಾವು ತಿಕ್ಕುತ್ತಾ ಕೂರುವುದು ಮಾತ್ರ ಉಳಿದ ಮೂರನ್ನು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಯವರಿಗೆ ಹೇಳುವ ಲೆಕ್ಕ ಸರಳವಾಗಿದೆ: ನೆನೆದ ವಸ್ತು 24ರಿಂದ 48 ಗಂಟೆಯೊಳಗೆ ಒಣಗಿದರೆ ಬಹುಮಟ್ಟಿಗೆ ಬೂಜು ಹಿಡಿಯುವುದಿಲ್ಲ, ಮನೆಯೊಳಗಿನ ಗಾಳಿಯ ಆರ್ದ್ರತೆ ಶೇ 60ರ ಒಳಗಿರಬೇಕು, 30ರಿಂದ 50 ಇದ್ದರೆ ಇನ್ನೂ ಒಳ್ಳೆಯದು.

ನನ್ನ ಕಾರ್ಪೆಟ್ ಪಾಲಿಪ್ರೊಪಿಲೀನ್ ನೂಲಿನದು. ಅಂಗಡಿಯವ “ಇದು ಪ್ಲಾಸ್ಟಿಕ್ ನೂಲು, ಬೂಜು ಹತ್ತೋದೇ ಇಲ್ಲ” ಅಂದಿದ್ದ. ಅರ್ಧ ಸತ್ಯ. ಆ ನೂಲು ತೇವವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬೂಜಿಗೆ ಅದು ಊಟವೂ ಅಲ್ಲ. ಒಳಗೆ ಹೋಗದ ತೇವ ಅಡಿಯಲ್ಲೇ ನಿಲ್ಲುತ್ತದೆ, ಅಲ್ಲಿ ಅದಕ್ಕೆ ಸೆಣಬಿನ ಹಿಂಬಟ್ಟೆ, ಅಂಟು, ಧೂಳು ಎಲ್ಲ ಸಿಗುತ್ತವೆ. ಮುಖ ಹೊಳೆಯುತ್ತಲೇ ಇರುತ್ತದೆ, ಬೆನ್ನು ಕೊಳೆಯುತ್ತದೆ.

ದಾರಿ ತೋರಿಸಿದ್ದು ನಮ್ಮ ಓಣಿಯ ಗೌಂಡಿ. ಬಚ್ಚಲ ನಲ್ಲಿ ಸರಿಮಾಡಲು ಬಂದವ, ನನ್ನ ಗೋಳು ಕೇಳಿ, ಕಾರ್ಪೆಟ್ ಸುತ್ತಿ ನಿಲ್ಲಿಸಲು ಹೇಳಿದ. ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಎರಡು ತುಂಡು ಕತ್ತರಿಸಿ, ಒಂದನ್ನು ಆ ಮೂಲೆಗೆ, ಇನ್ನೊಂದನ್ನು ಹಾಲ್‌ನ ನಡುವಿಗೆ ನಾಲ್ಕೂ ಕಡೆ ಅಗಲದ ಟೇಪು ಹಚ್ಚಿ ಅಂಟಿಸಿದ. “ನಾಳೆ ಇದ ಹೊತ್ತಿಗೆ ಬಿಚ್ಚಿ ನೋಡ್ರಿ ಅಕ್ಕಾ. ಅಡಿಗೆ ಹನಿ ಕಟ್ಟಿದ್ರ ನೆಲ ಅಳಾಕತ್ತೈತಿ. ಮೇಲೆ ತೇವ ಇದ್ರ ನಿಮ್ಮ ಮನಿ ಗಾಳಿ ಅಳಾಕತ್ತೈತಿ.” ಆಮೇಲೆ ಹುಡುಕಿದಾಗ ಗೊತ್ತಾಯಿತು, ಅಮೆರಿಕದಲ್ಲಿ ಕಾಂಕ್ರೀಟ್ ನೆಲ ಪರೀಕ್ಷಿಸುವ ಒಂದು ಪ್ರಮಾಣಿತ ವಿಧಾನವೂ ಇದೇ: ಹದಿನೆಂಟು ಅಂಗುಲ ಚದರದ ಪ್ಲಾಸ್ಟಿಕ್, ಕನಿಷ್ಠ ಹದಿನಾರು ಗಂಟೆ. ಗೌಂಡಿ ಅದನ್ನು ಓದಿದವನಲ್ಲ. ಬೆಂಗಳೂರಿನಲ್ಲಿ ಮರದ ನೆಲ ಹಾಕುವವರ ಕೈಕೆಳಗೆ ದುಡಿದು ಕಲಿತದ್ದಂತೆ.

ಮರುದಿನ ನಡುವಿನ ತುಂಡು ಒಣಗಿತ್ತು. ಮೂಲೆಯದರ ಅಡಿಯಲ್ಲಿ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಕಾಣುವಂಥ ಹನಿ. ಆ ಮೂಲೆಯ ಗೋಡೆಯಾಚೆ ಏನಿದೆ ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಸಂಪು.

ನಮ್ಮ ಊರುಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ತುಂಬಿಟ್ಟುಕೊಳ್ಳಬೇಕು, ಅದಕ್ಕೇ ಮೂವತ್ತು ನಲವತ್ತರ ನಿವೇಶನದಲ್ಲೂ ನೆಲದಡಿ ಒಂದು ಸಂಪು. ಜಾಗ ಸಾಲದೆ ಅದು ಹಾಲ್‌ನ ಗೋಡೆಗೆ ಅಂಟಿಕೊಂಡಿರುತ್ತದೆ, ಕೆಲವು ಮನೆಗಳಲ್ಲಿ ಹಾಲ್‌ನ ಕೆಳಗೇ ಇರುತ್ತದೆ. ಒಳಗಿನ ಗಿಲಾವಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೆ ನೀರು ಮಣ್ಣಿಗೆ ಇಳಿದು, ಮಣ್ಣಿನಿಂದ ಇಟ್ಟಿಗೆಗೆ, ಇಟ್ಟಿಗೆಯಿಂದ ಗಾರೆಗೆ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. ನೀರಿನ ಅಭಾವವೇ ತೇವ ತಂದಿತು ಎಂಬುದು ಬಯಲುಸೀಮೆಯ ಜಾತಕಕ್ಕೆ ಸರಿಯಾಗಿ ಒಪ್ಪುವ ಮಾತು. ಸಂಪು ಖಾಲಿ ಮಾಡಿ, ಒಳಗೆಲ್ಲ ಕೆರೆದು ವಾಟರ್‌ಪ್ರೂಫ್ ಪುಡಿ ಬೆರೆಸಿ ಹೊಸ ಗಿಲಾವು, ಮೂಲೆಯ ಆರು ಟೈಲ್ಸ್ ಕಿತ್ತು ಹೊಸ ಕಾಂಕ್ರೀಟು. ಖರ್ಚು ಕಾರ್ಪೆಟ್‌ನ ನಾಲ್ಕು ಪಟ್ಟು. ಮನೆ ಕಟ್ಟುವಾಗ ಅಡಿಪಾಯದ ಮೇಲೆ ತೇವ ತಡೆಯುವ ಒಂದು ಪದರ ಸರಿಯಾಗಿ ಹಾಕಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ; ಕಟ್ಟುವಾಗ ಮೇಲಿನ ಕಮಾನು, ಬಣ್ಣದ ಬಗ್ಗೆ ದಿನಾ ಜಗಳವಾಡಿದ ನಾನು ಆ ಪದರದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಎರೆ ನೆಲದವರ ಪಾಡು ಬೇರೆ. ಕೂಡ್ಲಿಗಿಯ ಮಸಾರಿ ಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ. ಹಡಗಲಿ ಕಡೆ ಹೊಳೆ ದಂಡೆಯ ಎರೆ ಹಿಡಿದರೆ ಬಿಡುವುದಿಲ್ಲ, ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಟ್ಟು ನೆಲವನ್ನೇ ಸೀಳುತ್ತದೆ. ಹಗರಿಬೊಮ್ಮನಹಳ್ಳಿ ಕಡೆ ತುಂಗಭದ್ರೆಯ ಹಿನ್ನೀರು ಬಂದಮೇಲೆ ನೀರಿನ ನೆರೆಹೊರೆಯೇ ಬದಲಾಗಿದೆ. ಅಲ್ಲಿ ಪೇಟೆಯಲ್ಲಿರುವ ನಮ್ಮ ನಾದಿನಿ ನೆಲಕ್ಕೆಲ್ಲ ಪಿವಿಸಿ ಹಾಳೆ ಅಂಟಿಸಿ, ಅದರ ಮೇಲೆ ಕಾರ್ಪೆಟ್ ಹಾಸಿದ್ದಳು. ಕಿತ್ತಾಗ ಹಾಳೆಯ ಅಡಿಯಲ್ಲಿ ಭೂಪಟದ ಹಾಗೆ ಕರಿ ಬೂಜು. ತೇವ ಹೊರಗೆ ಬರಲು ಇದ್ದ ದಾರಿಯನ್ನೂ ಮುಚ್ಚಿದರೆ ಅದು ಅಲ್ಲೇ ಸಂಸಾರ ಹೂಡುತ್ತದೆ.

ಸಂಪು ರಿಪೇರಿಯಾದ ಮೇಲೆ ಮೂಲೆ ಒಣಗಿತು. ನಾನು ಗೆದ್ದೆ ಅಂದುಕೊಂಡೆ. ಮೇ ತಿಂಗಳು ಬಂತು.

ಮೇ ಎಂದರೆ ಇಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ಬಿಸಿಗಾಳಿ, ಧೂಳು. ಹಪ್ಪಳ ಒಣಗಲು ಒಂದು ಗಂಟೆ ಸಾಕು. ಅಂಥ ಮೇ ತಿಂಗಳಲ್ಲಿ ಮತ್ತೆ ಮುಗ್ಗಲು. ಈ ಸಲ ಮೂಲೆಯಲ್ಲಲ್ಲ, ಹಾಲ್‌ನ ನಡುವೆ, ಕೂಲರ್‌ನ ಎದುರಿಗೆ. ಗೌಂಡಿಯನ್ನು ಕರೆಯದೆ ನಾನೇ ಪ್ಲಾಸ್ಟಿಕ್ ಅಂಟಿಸಿದೆ. ಅಡಿ ಒಣ ಒಣ. ಮೇಲ್ಭಾಗ ಕೈಗೆ ಅಂಟಿತು. ಮನೆಯ ಗಾಳಿ ಅಳುತ್ತಿತ್ತು.

ಕೂಲರ್ ಒದ್ದೆ ಹುಲ್ಲಿನ ಮೂಲಕ ಬಿಸಿಗಾಳಿ ಎಳೆದು ತಂಪು ಮಾಡುತ್ತದೆ; ತಂಪಾಗುವುದೇ ನೀರು ಆವಿಯಾಗುವುದರಿಂದ. ಆ ಆವಿಗೆ ಹೊರಗೆ ಹೋಗಲು ಕಿಟಕಿ ಬೇಕು. ನಾವು ಏನು ಮಾಡುತ್ತೇವೆ? ಧೂಳು ಬರುತ್ತದೆಂದು, ಸೊಳ್ಳೆ ಬರುತ್ತದೆಂದು, ತಂಪು ಹೋಗುತ್ತದೆಂದು ಎಲ್ಲ ಮುಚ್ಚಿ, ಏಸಿಯ ಹಾಗೆ ಕೂಲರ್ ಹಾಕಿಕೊಂಡು ಮಲಗುತ್ತೇವೆ. ಕೆಲವು ನೂರು ರೂಪಾಯಿಗೆ ಸಿಗುವ ಆರ್ದ್ರತೆ ತೋರಿಸುವ ಪುಟ್ಟ ಯಂತ್ರ ತರಿಸಿ ಇಟ್ಟೆ. ಕಿಟಕಿ ಮುಚ್ಚಿ ಒಂದು ರಾತ್ರಿ ಕೂಲರ್ ಓಡಿಸಿದಾಗ ಅದು ತೋರಿಸಿದ್ದು 82. ಎದುರಿನ ಕಿಟಕಿ ಒಂದು ಗೇಣು ತೆರೆದಿಟ್ಟ ರಾತ್ರಿ 61. ಹೊರಗೆ ಬಿಸಿಲು ಕಲ್ಲನ್ನು ಸೀಳುತ್ತಿದ್ದರೆ ಒಳಗೆ ನಾವು ಮಲೆನಾಡು ಕಟ್ಟಿಕೊಂಡಿದ್ದೆವು. ಮಲೆನಾಡಿನವರಿಗಾದರೂ ಬೂಜಿನ ಜೊತೆ ಬಾಳುವ ಜಾಣತನವಿದೆ, ಒಲೆಯ ಮೇಲಿನ ಅಟ್ಟವಿದೆ. ನಮಗೆ ಅದೂ ಇಲ್ಲ.

ಅತ್ತೆಯ ಊರಿನ ಹಳೆ ಮನೆ ಮಾಳಿಗೆ ಮನೆ. ತೊಲೆ, ಜಂತೆ, ಮೇಲೆ ಕರಲು ಮಣ್ಣು. ನಡುಮನೆಯಲ್ಲಿ ಎರಡು ಜಂತೆಗೆ ಹಗ್ಗ ಕಟ್ಟಿ ಇಳಿಬಿಟ್ಟ ಬಿದಿರಿನ ಗಳ. ಬೆಳಕು ಹರಿಯುವ ಹೊತ್ತಿಗೆ ಕೌದಿ, ಕಂಬಳಿ, ಜಮಖಾನ ಎಲ್ಲವೂ ಕೊಡವಿಕೊಂಡು ಆ ಗಳದ ಮೇಲೇರಬೇಕು. ಚಾಪೆ ಸುತ್ತಿಕೊಂಡು ಮೂಲೆಗೆ ನಿಲ್ಲಬೇಕು. ಹೊತ್ತೇರಿದ ಮೇಲೂ ನೆಲದ ಮೇಲೆ ಹಾಸಿಗೆ ಇದ್ದರೆ ಆ ಮನೆಯಲ್ಲಿ ಯಾರಿಗೋ ಮೈಯಲ್ಲಿ ಹುಷಾರಿಲ್ಲ ಎಂದು ಓಣಿಯವರು ಕೇಳಿಕೊಂಡು ಬರುತ್ತಿದ್ದರಂತೆ. ಚೇಳಿನ ಭಯಕ್ಕೋ ಜಾಗದ ಅಭಾವಕ್ಕೋ ಹುಟ್ಟಿದ ರೂಢಿ ಅದು. ಆದರೆ ಅದರಿಂದ ಆದದ್ದು ಬೇರೆಯೇ: ರಾತ್ರಿಯ ಬೆವರು ಹಗಲಲ್ಲಿ ಆರುತ್ತಿತ್ತು, ನೆಲ ದಿನಕ್ಕೊಮ್ಮೆ ಬಯಲಾಗುತ್ತಿತ್ತು. ನಮ್ಮ ಮಾತಿನಲ್ಲಿ ‘ಹಾಸು’ ಎಂಬುದು ಮೊದಲಿಗೆ ಕ್ರಿಯೆ, ಆಮೇಲೆ ವಸ್ತು. ಹಾಸಿದ್ದನ್ನು ಎತ್ತಲೂ ಬೇಕು.

ಹಾಗೆಂದು ಹಳೆಯದನ್ನೆಲ್ಲ ಹೊಗಳಲು ನಾನು ಸಿದ್ಧಳಿಲ್ಲ. ಆ ಮಾಳಿಗೆ ಪ್ರತಿ ಮಳೆಗಾಲ ಸೋರುತ್ತಿತ್ತು. ಒಲೆಯ ಹೊಗೆಗೆ ಅತ್ತೆಯ ಕಣ್ಣು ಹೋದಷ್ಟು ಹೋಗಿದೆ. 2021ರ ನವೆಂಬರ್‌ನಲ್ಲಿ ಅಕಾಲದ ಮಳೆ ವಾರಗಟ್ಟಲೆ ಹಿಡಿದಾಗ ಅದೇ ನಡುಮನೆಯಲ್ಲಿ ಕೌದಿಗಳು ಒಣಗದೆ, ಗಳದ ಮೇಲೇ ಬೂಜು ಕಟ್ಟಿ, ಎರಡನ್ನು ತಿಪ್ಪೆಗೆ ಹಾಕಿದ್ದನ್ನು ನಾನೇ ಕಂಡಿದ್ದೇನೆ.

ಕಂಬಳಿ ಮಾತ್ರ ಉಳಿದುಕೊಂಡಿತ್ತು. ಅದು ಯಾಕೆ ಉಳಿಯಿತು ಎಂಬ ಪ್ರಶ್ನೆ ನನ್ನನ್ನು ಕೂಡ್ಲಿಗಿ ತಾಲ್ಲೂಕಿನ ಒಂದು ಹಟ್ಟಿಗೆ, ಕಂಬಳಿ ನೇಯುವ ಹಿರಿಯರೊಬ್ಬರ ಮನೆಗೆ ಕರೆದೊಯ್ದಿತು. ಈ ಸೀಮೆಯ ಕುರಿ ಬಳ್ಳಾರಿ ತಳಿಯದು, ಒರಟು ಉಣ್ಣೆ, ವರ್ಷಕ್ಕೆರಡು ಸಲ ಕತ್ತರಿಸಿದರೂ ಕುರಿಗೆ ಒಂದು ಕಿಲೋ ಸಿಕ್ಕುವುದೂ ಕಷ್ಟ. ನೆಲದಲ್ಲಿ ಕುಣಿ ತೋಡಿ ಕಟ್ಟಿದ ಮಗ್ಗ. ಅಂಗಳದಲ್ಲಿ ಉದ್ದಕ್ಕೆ ಹಾಸಿನ ಎಳೆ ಬಿಗಿದು, ಹುಣಸೆ ಬೀಜದ ಹಿಟ್ಟು ಕಾಸಿದ ಗಂಜಿಯನ್ನು ಕುಂಚದಿಂದ ಎಳೆಗೆ ಹಚ್ಚುತ್ತಿದ್ದರು. ಗಂಜಿ ಕುಡಿದ ಎಳೆ ತಂತಿಯ ಹಾಗೆ ಸೆಟೆದು ನಿಲ್ಲುತ್ತದೆ. ಬಿಸಿಲಲ್ಲಿ ಚಟಚಟ ಒಣಗುವ ತನಕ ಅವರು ಅದನ್ನು ಬಿಟ್ಟು ಕದಲುವುದಿಲ್ಲ. ಮೋಡ ಕವಿದ ದಿನ ಗಂಜಿಯೇ ಕಾಸುವುದಿಲ್ಲ.

“ಕಂಬಳಿಗೆ ಬೂಜು ಬರಂಗಿಲ್ಲೇನಜ್ಜಾ?” ಅಂದೆ.

“ಉಣ್ಣಿಗೆ ಬರಂಗಿಲ್ಲ ತಾಯಿ, ಗಂಜಿಗೆ ಬರತೈತಿ. ಹಸೀ ಗಂಜಿ ಇದ್ದಾಗ ಸುತ್ತಿಟ್ಟರ ಅನ್ನ ಹಳಸಿದಂಗ ಹಳಸತೈತಿ. ಅನ್ನಕ್ಕ ಬಂದ ಬೂಜಿಗೆ ಗಂಗಾಳ ಬೈದರ ಏನು ಬಂತು?”

ಪ್ರಯೋಗಾಲಯದವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಉಣ್ಣೆ ನಮ್ಮ ಉಗುರು, ಕೂದಲಿನ ಹಾಗೆ ಕೆರಾಟಿನ್. ಅದನ್ನು ಅರಗಿಸಿಕೊಳ್ಳುವ ಬೂಜು ಕಡಿಮೆ. ಹತ್ತಿ, ಸೆಣಬು ಅವಕ್ಕೆ ಸಲೀಸು. ಇನ್ನೊಂದು ಗುಣ, ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಕೈಗೆ ಒದ್ದೆಯೆನಿಸದೆ ಹೀರಿಕೊಂಡಿರಬಲ್ಲದು. ಗಾಳಿ ಒಣಗಿದಾಗ ಅದನ್ನು ಬಿಟ್ಟುಕೊಡುತ್ತದೆ. ಒಣಗಾಳಿಯ ಸೀಮೆಗೆ ಇದಕ್ಕಿಂತ ಸರಿಯಾದ ಹಾಸು ಸಿಕ್ಕದು. ಮೈಲಾರದ ದೇವರ ಭಕ್ತರಾದ ಗೊರವಯ್ಯಗಳನ್ನು ನೋಡಿ: ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಆ ಊರಿನಲ್ಲಿ ಕರಿ ಕಂಬಳಿಯ ನಿಲುವಂಗಿ, ಕರಡಿ ಕೂದಲ ಟೊಪ್ಪಿಗೆ, ಕೈಯಲ್ಲಿ ಡಮರುಗ. ಡೆಂಕನಮರಡಿಯ ಕಾರಣಿಕದ ಭವಿಷ್ಯವಾಣಿ ಕೇಳಲು ಬಯಲಲ್ಲಿ ಬೀಡುಬಿಟ್ಟ ಜನಕ್ಕೆ ಹೊದೆಯಲೂ ಅದೇ, ಹಾಸಲೂ ಅದೇ. ಕಂಬಳಿಗೆ ಮೈಲಿಗೆ ಇಲ್ಲ ಎನ್ನುತ್ತಾರೆ. ಅದಕ್ಕೇ ಪದೇಪದೇ ಒಗೆಯುವುದಿಲ್ಲ, ಬಿಸಿಲಿಗೆ ಹಾಕಿ ಕೊಡವುತ್ತಾರೆ ಅಷ್ಟೆ. ಮೈಲಿಗೆಯ ವಿಚಾರ ನನಗೆ ತಿಳಿಯದು. ಒಗೆಯದ ಕಂಬಳಿ ನೆನೆಯುವ ಸಂದರ್ಭಗಳೂ ಕಡಿಮೆ ಎಂಬುದು ಮಾತ್ರ ಕಣ್ಣಿಗೆ ಕಾಣುತ್ತದೆ.

ಗೋಡೆಯಿಂದ ಗೋಡೆಗೆ ಕಾರ್ಪೆಟ್ ಅಂಟಿಸಿ ಬದುಕುವ ದೇಶಗಳಲ್ಲಿ ಈ ಬೂಜು ಮನೆಮಾತಾದ ಜಗಳ. ನಮ್ಮ ಚಿಕ್ಕಪ್ಪನ ಮಗ ಇಂಗ್ಲೆಂಡಿನ ಬಾಡಿಗೆ ಮನೆಯಲ್ಲಿದ್ದಾನೆ. ಅವನ ಮನೆಯ ಮೂಲೆ ಕಪ್ಪಾದಾಗ ಮನೆಯ ಮಾಲೀಕರು ಕೊಟ್ಟ ಉತ್ತರ, “ನೀವು ಅನ್ನ ಬೇಯಿಸುವ ಹಬೆಯಿಂದ.” ಈ ಮಾತು ಬರೀ ನಗೆಯ ವಿಷಯವಲ್ಲ. ಅಲ್ಲಿನ ರಾಚ್‌ಡೇಲ್ ಎಂಬ ಊರಿನಲ್ಲಿ 2020ರ ಡಿಸೆಂಬರ್‌ನಲ್ಲಿ ಅವಾಬ್ ಇಷಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ತಂದೆ ಮನೆಯ ಬೂಜಿನ ಬಗ್ಗೆ ಮತ್ತೆ ಮತ್ತೆ ದೂರಿದ್ದರು; ವಸತಿ ಸಂಸ್ಥೆ ಅದನ್ನು ಕುಟುಂಬದ ಜೀವನಶೈಲಿಯ ತಲೆಗೆ ಕಟ್ಟಿತ್ತು. 2022ರ ನವೆಂಬರ್‌ನಲ್ಲಿ ಸಾವಿನ ವಿಚಾರಣಾಧಿಕಾರಿ, ದೀರ್ಘಕಾಲ ಬೂಜಿಗೆ ಒಡ್ಡಿಕೊಂಡದ್ದರಿಂದ ಉಂಟಾದ ಉಸಿರಾಟದ ತೊಂದರೆಯೇ ಸಾವಿಗೆ ಕಾರಣ ಎಂದರು. 2023ರಲ್ಲಿ ಆ ಮಗುವಿನ ಹೆಸರಿನಲ್ಲೇ ಕಾನೂನು ಬಂತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮನೆಯೊಳಗಿನ ತೇವ ಮತ್ತು ಬೂಜಿನ ಬಗ್ಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತ್ತು: ಅಸ್ತಮಾ, ಕೆಮ್ಮು, ಉಬ್ಬಸ ಇಂಥ ಮನೆಗಳಲ್ಲಿ ಹೆಚ್ಚು.

ನಮ್ಮಲ್ಲಿ ಭಯ ಬೇರೆ ದಿಕ್ಕಿನದು. 2021ರ ಕೋವಿಡ್ ಎರಡನೇ ಅಲೆಯಲ್ಲಿ ‘ಬ್ಲ್ಯಾಕ್ ಫಂಗಸ್’ ಎಂಬ ಹೆಸರು ಮನೆಮನೆಗೆ ಬಂದ ಮೇಲೆ, ಗೋಡೆಯಲ್ಲಿ ಕರಿ ಚುಕ್ಕೆ ಕಂಡರೆ ಜನ ಕಣ್ಣು ಮುಟ್ಟಿ ನೋಡಿಕೊಳ್ಳುತ್ತಾರೆ. ಅದು ಮ್ಯೂಕರ್ ಬಳಗದ ಬೂಜು, ಸಕ್ಕರೆ ಕಾಯಿಲೆ ಹಿಡಿತ ತಪ್ಪಿದವರಿಗೆ, ಸ್ಟೀರಾಯ್ಡ್ ಹೆಚ್ಚಾದವರಿಗೆ ತಗುಲಿದ್ದು. ಕಾರ್ಪೆಟ್‌ನ ಕರಿ ಚುಕ್ಕೆಯ ಬಣ್ಣ ನೋಡಿ ಅದರ ಕುಲ ಹೇಳಲು ಬರುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಯಾವ ಬಣ್ಣದ್ದಾದರೂ ಅದು ಹೋಗಬೇಕು. ಸತ್ತ ಬೂಜಿನ ಪುಡಿಯೂ ಅಲರ್ಜಿ ತರುತ್ತದೆ, ಹಾಗಾಗಿ ಔಷಧಿ ಹೊಡೆದು ಕೊಂದು ಅಲ್ಲೇ ಬಿಟ್ಟರೆ ಕೆಲಸ ಅರ್ಧವಾದಂತೆ.

ನಾನು ಮಾಡಿದ ತಪ್ಪುಗಳಲ್ಲಿ ದೊಡ್ಡದು, ಒಣಗಿದ ಬೂಜನ್ನು ಮನೆಯೊಳಗೇ ಪೊರಕೆಯಿಂದ ಗುಡಿಸಿದ್ದು. ರೊಟ್ಟಿಯಗಲದ್ದನ್ನು ಇಡೀ ಮನೆಗೆ ಹಂಚಿದ ಹಾಗಾಯಿತು. ಈಗ ಮಾಡುವ ಕ್ರಮ ಇಷ್ಟು: ಮೂಗಿಗೆ ಮಾಸ್ಕ್ ಕಟ್ಟಿ, ಕಾರ್ಪೆಟ್ಟನ್ನು ಒಳಮುಖ ಸುತ್ತಿ, ಮಾಳಿಗೆಗೆ ಒಯ್ದು, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಕೊಟ್ಟು ಗಟ್ಟಿ ಬ್ರಷ್‌ನಿಂದ ಉಜ್ಜುವುದು. ಆಮೇಲೆ ಸೋಪಿನ ನೀರು, ಚೆನ್ನಾಗಿ ಜಾಲಿಸುವುದು, ಬೆನ್ನು ಮೇಲೆ ಮಾಡಿ ಕಟ್ಟೆಯ ಮೇಲೆ ಇಳಿಬಿಡುವುದು. ಮುಖ ಒಣಗಿದೆ ಎಂದು ತಂದರೆ ಕೆಟ್ಟೆವು. ಬೆನ್ನಿನ ಹೊಲಿಗೆಯನ್ನು ಕೆನ್ನೆಗೆ ಒತ್ತಿ ನೋಡಿದಾಗ ತಣ್ಣಗೆನಿಸಬಾರದು. ಮಳೆಗಾಲದಲ್ಲಿ ಎರಡು ದಿನದ ಬಿಸಿಲಿನ ಖಾತರಿ ಇಲ್ಲದೆ ಒಗೆಯುವುದೇ ಬೇಡ. ಬ್ಲೀಚ್ ಹಾಕಿದರೆ ಬಣ್ಣ ಹೋಗುತ್ತದೆ, ಉಣ್ಣೆಯಾದರೆ ಎಳೆಯೇ ಕರಗುತ್ತದೆ. ಬ್ಲೀಚನ್ನು ವಿನೆಗರ್ ಜೊತೆಗೋ ಬಚ್ಚಲ ತೊಳೆಯುವ ಆಸಿಡ್ ಜೊತೆಗೋ ಬೆರೆಸಿದವರು ಆಸ್ಪತ್ರೆ ನೋಡಬೇಕಾಗುತ್ತದೆ, ಕ್ಲೋರಿನ್ ವಿಷದ ಗಾಳಿ. ಅಡಿಗೆ ಸ್ಪಂಜು ಇರುವ ಹಾಸಾದರೆ, ಸ್ಪಂಜಿಗೆ ಬೂಜು ಇಳಿದಿದ್ದರೆ, ತೊಳೆಯುವ ಗೋಜಿಗೆ ಹೋಗದೆ ಎಸೆಯುವುದೇ ಒಳ್ಳೆಯದು. ಮನೆಯಲ್ಲಿ ಉಬ್ಬಸದವರಿದ್ದರೆ ಈ ಕೆಲಸ ಅವರ ಕೈಗೆ ಬೇಡ.

ನೆಲ ಒರೆಸಿದ ಕೂಡಲೇ ಕಾರ್ಪೆಟ್ ಎಳೆದು ಹಾಸುವ ನಮ್ಮ ಅವಸರವೂ ಇದರಲ್ಲಿ ಪಾಲುದಾರ. ಶುಕ್ರವಾರ, ಹಬ್ಬದ ದಿನ, ಯಾರೋ ಬರುತ್ತಾರೆಂದ ದಿನ ಬಕೆಟ್ ನೀರು ಸುರಿದು ಒರೆಸಿ, ಸಂದಿಯ ನೀರು ಆರುವ ಮೊದಲೇ ಮುಚ್ಚುತ್ತೇವೆ. ಬಂದವರಿಗೆ ಕಾಣುವುದು ಕೆಂಪು ಹೂವಿನ ಮುಖವಷ್ಟೇ.

ಮಣ್ಣಿಗೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆಗೆ ನಮ್ಮ ಸೀಮೆಯವರು ಹಾತೊರೆಯುವಷ್ಟು ಯಾರೂ ಹಾತೊರೆಯಲಾರರು. ಆ ಪರಿಮಳದಲ್ಲಿ ಜಿಯೋಸ್ಮಿನ್ ಎಂಬ ವಸ್ತುವಿದೆ, ಮಣ್ಣಿನ ಸೂಕ್ಷ್ಮಜೀವಿಗಳು ಮಾಡಿದ್ದು. ಮುಗ್ಗಲಿನಲ್ಲೂ ಅದೇ ವಸ್ತುವಿನ ಪಾಲಿದೆ, ಜೊತೆಗೆ ಅಣಬೆಯ ವಾಸನೆಯ ಒಂದು ಆಲ್ಕೊಹಾಲ್. ಹೊಲದಲ್ಲಿ ಬಂದರೆ ಬಿತ್ತನೆ, ಹಾಲ್‌ನಲ್ಲಿ ಬಂದರೆ ಗೌಂಡಿ.

ಕೆಂಪು ಕಾರ್ಪೆಟ್ ಈಗ ಇನ್ನೂ ಇದೆ, ಆದರೆ ಅದು ನಿಂತಿರುತ್ತದೆ. ಸೋಫಾದ ಹಿಂದೆ, ಸುತ್ತಿಕೊಂಡು, ಗೋಡೆಗೆ ತಾಗದ ಹಾಗೆ. ಹಬ್ಬಕ್ಕೆ, ಹೆಣ್ಣು ನೋಡುವ ಶಾಸ್ತ್ರಕ್ಕೆ ಇಳಿಯುತ್ತದೆ, ಮರುದಿನ ಏಳುತ್ತದೆ. ದಿನದ ಬಳಕೆಗೆ ಆ ಹಿರಿಯರಿಂದ ತಂದ ಕರಿ ಕಂಬಳಿ. ಮೊದಲ ಒಂದು ತಿಂಗಳು ಅದು ಕಾಲಿಗೆ ಚುಚ್ಚಿತು, ಮಗಳು ಮುಖ ಸಿಂಡರಿಸಿದಳು, ಕುರಿ ವಾಸನೆ ಎಂದಳು. ಈಗ ಟಿ.ವಿ. ನೋಡುತ್ತಾ ಅದರ ಮೇಲೇ ನಿದ್ದೆ ಹೋಗುತ್ತಾಳೆ.

ಹಿಂಗಾರಿ ಮಳೆ ಶುರುವಾದ ವಾರ ಮತ್ತೆ ನಾಲ್ಕು ಕಡೆ ಪ್ಲಾಸ್ಟಿಕ್ ಅಂಟಿಸಿ ಬಿಚ್ಚಿ ನೋಡಿದೆ. ಹಳೆಯ ಮೂಲೆ ಒಣ. ನಡುವೆ ಒಣ. ಬೀರುವಿನ ಹಿಂದಿನ ಗೋಡೆಯಲ್ಲಿ ಮಾತ್ರ ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿ, ಉಗುರಿನಿಂದ ಕೆರೆದರೆ ಬಿಳಿ ಉಪ್ಪು ಉದುರಿತು. ಅದರಾಚೆ ಪಕ್ಕದ ಮನೆಯವರ ಬಚ್ಚಲು. ಗೌಂಡಿಗೆ ಫೋನ್ ಮಾಡಿದೆ.

“ದೀಪಾವಳಿ ಆಗಲಿ ಅಕ್ಕಾ,” ಅಂದ. “ಈಗ ಊರ ತುಂಬಾ ಇದ ಐತಿ.”